ಸೋಮವಾರದ ತತ್ತಿ ಸಿಪ್ಪೆ

2023ರ ಜುಲೈ ನೆನಪಿದೆ ಅಲ್ವಾ? ಟೊಮ್ಯಾಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಜನ ಬಂಗಾರದ ರೇಟು ವಿಚಾರಿಸೋ ಹಾಗೆ ದೂರ ನಿಂತು "ಪಾವ್ ಕಿಲೊ ಎಷ್ಟ್ರಿ?" ಅಂತ ಕೇಳಿ, ಕೊತ್ತಂಬರಿ ತಗೊಂಡು ಮನೆಗೆ ಹೋಗುತ್ತಿದ್ದರು. ನಮ್ಮ ಸಾರಿಗೂ ಹುಣಸೆಹಣ್ಣೇ ಗತಿ. ಒಂದು ರಾತ್ರಿ ಊಟಕ್ಕೆ ಕೂತವನು, ಮಾಳಿಗೆ ಸುಮ್ನೆ ಖಾಲಿ ಬಿದ್ದಿದೆ, ನಾನೇ ಬೆಳೆದುಬಿಡ್ತೀನಿ ಅಂದೆ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಬಡಿಯತೊಡಗಿದಳು.

ಮೊದಲನೇ ಸಲದ್ದು ಹೆಚ್ಚು ಹೇಳೋ ಹಾಗಿಲ್ಲ. ನಾಲ್ಕು ಪೇಂಟ್ ಡಬ್ಬಿಗೆ ಎರೆ ಮಣ್ಣು ತುಂಬಿ ಸಸಿ ಇಟ್ಟೆ, ತಳಕ್ಕೆ ತೂತು ಹಾಕೋದು ಮರೆತೆ. ಮಳೆ ಬಂತು. ಡಬ್ಬಿಯೊಳಗೆ ಮಣ್ಣು ಹೋಗಿ ಅಂಬಲಿ ಆಯಿತು, ಬೇರು ಕೊಳೆತವು. ಎರೆ ಮಣ್ಣಿನ ಸ್ವಭಾವವೇ ಹಾಗೆ. ನೀರು ಬಿದ್ದರೆ ಅಂಟು, ಒಣಗಿದರೆ ಬೆರಳು ತೂರುವಷ್ಟು ಬಿರುಕು. ಹೊಲದಲ್ಲಿ ಅದೇ ಲಕ್ಷ್ಮಿ, ಡಬ್ಬಿಯಲ್ಲಿ ಶನಿ.

ಎರಡನೇ ಸಲ ಬುದ್ಧಿ ಬಂದಿತ್ತು. ಕಾಯಿಸಿದ ಸರಳಿನಿಂದ ತೂತು ಹಾಕಿದೆ. ಬೀದರಿನಲ್ಲಿರುವ ನಮ್ಮ ಭಾವನಿಂದ ಎರಡು ಚೀಲ ಕೆಂಪು ಮಣ್ಣು ತರಿಸಿ, ಹಳೇ ಸಗಣಿ ಗೊಬ್ಬರ ಬೆರೆಸಿದೆ. ಬಸ್ಸಿನಲ್ಲಿ ಮಣ್ಣಿನ ಚೀಲಕ್ಕೂ ಲಗೇಜ್ ಟಿಕೆಟ್ ಆಯಿತು ಅಂತ ಭಾವ ಇವತ್ತಿಗೂ ಆಡಿಕೊಳ್ಳುತ್ತಾರೆ. ಎಲ್ಲ ಸರಿ, ಆದರೆ ಸಸಿ ಇಟ್ಟಿದ್ದು ಫೆಬ್ರವರಿ ಕೊನೆಯಲ್ಲಿ. ಏಪ್ರಿಲ್‌ನಲ್ಲಿ ಗಿಡದ ತುಂಬ ಹಳದಿ ಹೂವು. ಬೆಳಿಗ್ಗೆ ಎಣಿಸಿದರೆ ಇಪ್ಪತ್ತು, ಸಂಜೆ ನೋಡಿದರೆ ಅಷ್ಟೂ ಫರಸಿ ಮೇಲೆ. ಯಾರದೋ ದೃಷ್ಟಿ ತಾಗಿದೆ ಅಂತ ಅವ್ವ ಡಬ್ಬಿಗೆ ಹರಿದ ಚಪ್ಪಲಿ ಕಟ್ಟಿದಳು. ದೃಷ್ಟಿ ಸೂರ್ಯನದು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮ್ಯಾಟೊ ಹೂವಿನ ಪರಾಗ ಕೆಲಸಕ್ಕೆ ಬರೋದಿಲ್ಲ, ಕಾಯಿ ಕಚ್ಚದೆ ಹೂವು ಉದುರುತ್ತದೆ. ನಮ್ಮಲ್ಲಿ ಏಪ್ರಿಲ್ ಅಂದರೆ 42. ಅದೂ ಶಹಾಬಾದಿ ಕಲ್ಲು ಹಾಸಿದ ಮಾಳಿಗೆ, ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಮನುಷ್ಯನೇ ಉದುರುತ್ತಾನೆ.

ಮೂರನೇ ಸಲ, 2024ರ ಸೆಪ್ಟೆಂಬರಿನಲ್ಲಿ ಮತ್ತೆ ಆರು ಸಸಿ. ಒಂದರ ಎಲೆ ಹಪ್ಪಳದ ಹಾಗೆ ಮುದುರಿತು. ಎಲೆ ತಿರುವಿದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಬಿಳಿ ನೊಣ. ಅದು ಹಬ್ಬಿಸೋ ವೈರಸ್ಸಿಗೆ ಔಷಧಿ ಇಲ್ಲ, ಕಿತ್ತು ಹಾಕೋದೇ. ಕಿತ್ತೆ. ನೊಣ ಹಳದಿ ಬಣ್ಣಕ್ಕೆ ಬಂದು ಕೂರುತ್ತದೆ ಅಂತ ಹಳದಿ ಡಬ್ಬಿ ಮುಚ್ಚಳಕ್ಕೆ ಔಡಲ ಎಣ್ಣೆ ಸವರಿ ಹಗ್ಗಕ್ಕೆ ತೂಗು ಹಾಕಿದೆ. ಸಂಜೆಗೆ ಮೂವತ್ತು ನಲವತ್ತು ನೊಣ ಸಿಕ್ಕವು. ಅವುಗಳ ಜೊತೆಗೆ ಅವ್ವನ ಇಳಕಲ್ ಸೀರೆಯ ಸೆರಗೂ ಸಿಕ್ಕಿತು. ಆ ವಿಷಯ ಇಲ್ಲಿಗೇ ಬಿಡೋಣ.

ಉಳಿದ ಐದರಲ್ಲಿ ನವೆಂಬರಿಗೆ ಕಾಯಿ ಜೋತಾಡಿದವು. ನಾನು ದಿನಾ ಫೋಟೊ ತೆಗೆದು ಬಳಗದವರಿಗೆಲ್ಲ ಕಳಿಸಿದೆ. ಆಮೇಲೊಂದು ದಿನ ಮುಷ್ಟಿ ಗಾತ್ರದ ಒಂದು ಕಾಯಿಯನ್ನು ತಿರುಗಿಸಿ ನೋಡಿದರೆ ಕೆಳಗಿನ ತುದಿ ಕಪ್ಪು. ರೂಪಾಯಿ ಬಿಲ್ಲೆಯಷ್ಟು ಅಗಲ, ಸ್ವಲ್ಪ ಒಳಕ್ಕೆ ಕುಸಿದು, ಹಳೇ ಚಪ್ಪಲಿ ತೊಗಲಿನ ಹಾಗೆ. ಮೇಲಿನಿಂದ ನೋಡಿದರೆ ಮಾತ್ರ ಮದುಮಗ! ಒಂದೊಂದೇ ತಿರುಗಿಸಿದೆ. ಏಳರಲ್ಲಿ ಐದು ಹಾಗೇ. ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ, ಇದು ಸುಣ್ಣದ ಅಂಶದ ಕೊರತೆ, ತತ್ತಿ ಸಿಪ್ಪೆ ಪುಡಿ ಮಾಡಿ ಹಾಕಿ ಅಂದ.

ನಮ್ಮದು ಈರುಳ್ಳಿಯನ್ನೇ ಶ್ರಾವಣದಲ್ಲಿ ಹೊರಗಿಡೋ ಮನೆ. ತತ್ತಿ ಎಲ್ಲಿಂದ ಬರಬೇಕು? ರಾತ್ರಿ ಆಫೀಸಿನಿಂದ ಬರುವಾಗ ಎಗ್ ರೈಸ್ ಬಂಡಿ ಹತ್ತಿರ ಗಾಡಿ ನಿಲ್ಲಿಸಿ, ಆಚೀಚೆ ನೋಡಿ, "ಅಣ್ಣಾ, ಸಿಪ್ಪಿ ಅಷ್ಟೇ ಬೇಕ್ರಿ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಕ್ಯಾರಿ ಬ್ಯಾಗ್ ತುಂಬಿಸಿ ಕೊಟ್ಟ, ದುಡ್ಡೂ ಇಸಕೊಳ್ಳಲಿಲ್ಲ. ಪಾಪ, ಮನುಷ್ಯ ಕಷ್ಟದಲ್ಲಿದ್ದಾನೆ ಅಂದುಕೊಂಡಿರಬೇಕು. ಬ್ಯಾಗನ್ನು ಮಾಳಿಗೆಯ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟು ಕೈಗೆ ಮೂರು ಸಲ ಸಾಬೂನು ಹಚ್ಚಿ ಮಲಗಿದೆ.

ಕಾಗೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮರುದಿನ ಸೋಮವಾರ. ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಶರಣಬಸವೇಶ್ವರ ಗುಡಿಗೆ ಹೊರಟು ಬಾಗಿಲು ತೆಗೆದರೆ ರಂಗೋಲಿಯ ನಟ್ಟನಡುವೆ ಅರ್ಧ ತತ್ತಿ ಸಿಪ್ಪೆ. ಮೆಟ್ಟಿಲ ಮೇಲೆ ಎರಡು. ತುಳಸಿ ಕಟ್ಟೆ ಹತ್ತಿರ ಇನ್ನೊಂದು.

"ಯಾರು ತಿಂದಾರ?" ಅಂದಳು. ದನಿ ಏರಿಸಲಿಲ್ಲ, ಅದೇ ಹೆದರಿಕೆ. "ಯವ್ವಾ, ತಿಂದಿಲ್ಲ, ಗಿಡಕ್ಕ ತಂದೀನಿ" ಅಂದೆ. "ಗಿಡ ತತ್ತಿ ತಿಂತಾವ?" ಹೆಂಡತಿ ಅಡುಗೆ ಮನೆಗೆ ಓಡಿದಳು, ನಗು ತಡೆಯೋಕೆ. ಅವ್ವ ಮತ್ತೆ ಸ್ನಾನ ಮಾಡಿದಳು, ನನ್ನನ್ನೂ ಮಾಡಿಸಿದಳು, ಮಾಳಿಗೆ ತೊಳೆಸಿದಳು. ಎರಡು ಡ್ರಮ್ ನೀರು ಖರ್ಚು.

ಈ ಗದ್ದಲ ಕೇಳಿ ಪಕ್ಕದ ಮನೆ ಕಾಕಾ ಬಂದರು. ಜೇವರ್ಗಿ ಕಡೆಯವರು, ಹದಿನೈದು ಎಕರೆ ತೊಗರಿ ಇದೆ. ಕಪ್ಪಾದ ಕಾಯಿ ಕೈಯಲ್ಲಿ ಹಿಡಿದು ನೋಡಿದರು, ನನ್ನನ್ನು ನೋಡಿದರು. "ಅಲ್ಲೋ ತಮ್ಮಾ, ಸೇಡಂ, ಚಿತ್ತಾಪುರ, ವಾಡಿ, ಎಲ್ಲಿ ನೋಡಿದ್ರೂ ಸಿಮೆಂಟ್ ಫ್ಯಾಕ್ಟರಿ ಯಾಕ ಅದಾವ? ನಮ್ ನೆಲದಾಗ ಸುಣ್ಣದ ಕಲ್ಲೇ ಅದ. ನೀ ನಿಂತಿರೋ ಫರಸಿನೂ ಅದೇ. ಇಂಥ ಊರಾಗ ಕೂತು ಸುಣ್ಣ ಇಲ್ಲಂತ ತತ್ತಿ ಸಿಪ್ಪಿ ಆರಿಸ್ಲಿಕ್ಕೆ ಹೋಗಿಯಲ್ಲ!"

ಆಮೇಲೆ ಕೇಳಿದರು, "ನೀರು ಯಾವಾಗ ಹಾಕ್ತಿ?"

ನಿಜ ಹೇಳಿದೆ. ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತದೆ. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿ, ಉಳಿದಿದ್ದನ್ನು ಗಿಡಕ್ಕೆ ಸುರಿಯುತ್ತೇನೆ. ಮುಂದಿನ ನಳದವರೆಗೆ ಗಿಡದ ನೆನಪೂ ಇರೋದಿಲ್ಲ. ಕಾಕಾ ಹಣೆ ಚಚ್ಚಿಕೊಂಡರು. ಸುಣ್ಣದ ಅಂಶ ಬೇರಿನಿಂದ ನೀರಿನ ಜೊತೆಗೇ ಮೇಲೆ ಹೋಗಬೇಕು. ಎಲೆ ನೀರು ಜಾಸ್ತಿ ಎಳೆಯುತ್ತದೆ, ಕಾಯಿಗೆ ಸಿಗೋದು ಕಡಿಮೆ. "ಕಾಯಿ ತುದಿ ಅಂದ್ರ ಕಾಲುವಿ ಕೊನಿ ಹೊಲ ಇದ್ದಂಗ. ನೀರು ತಪ್ಪಿದ್ರ ಮೊದಲು ಸಾಯೋದು ಅದೇ" ಅಂದರು. ಅವರ ಹೊಲವೂ ಕಾಲುವೆಯ ಕೊನೆಯಲ್ಲೇ ಇರೋದು, ಹಾಗಾಗಿ ಆ ಮಾತಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಒಣಗಿಸಿ ಒಣಗಿಸಿ ಒಮ್ಮೆಲೇ ಸುರಿದಿದ್ದಕ್ಕೇ ಇನ್ನೆರಡು ಹಣ್ಣು ಸೀಳಿದ್ದು ಕೂಡ.

ಹೋಗುವಾಗ ಇನ್ನೊಂದು ಕಾಯಿಯಲ್ಲಿ ಗುಂಡನೆಯ ತೂತು ನೋಡಿ ಅವರ ಮುಖ ಅರಳಿತು, ಊರಿನವರು ಸಿಕ್ಕ ಹಾಗೆ. "ಇದು ನಮ್ ತೊಗರಿ ಕೀಡಿನೇ!" ತೊಗರಿ ಕಾಯಿ ಕೊರೆಯೋ ಹಸಿರು ಹುಳವೇ ಟೊಮ್ಯಾಟೊವನ್ನೂ ಕೊರೆಯುತ್ತದಂತೆ. ಹೊಲದಲ್ಲಾದರೆ ಗಿಡ ಅಲುಗಿಸಿ ಕೆಳಗೆ ಹಾಸಿದ ತಾಡಪತ್ರಿಗೆ ಹುಳ ಬೀಳಿಸುತ್ತಾರೆ. ನಾನೂ ಹುರುಪಿನಿಂದ ಅಲುಗಿಸಿದೆ. ಹುಳ ಬೀಳಲಿಲ್ಲ, ಚೆನ್ನಾಗಿದ್ದ ಎರಡು ಕಾಯಿ ಬಿದ್ದವು. ಹುಳವನ್ನು ಕಾಕಾ ಕೈಯಿಂದಲೇ ಆರಿಸಿ ತೆಗೆದರು.

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಗಿಡಕ್ಕೆ ಎರಡೆರಡು ಚರಗಿ ನೀರು, ಬುಡಕ್ಕೆ ಕಾಕಾ ಕೊಟ್ಟ ತೊಗರಿ ಹೊಟ್ಟಿನ ಹೊದಿಕೆ. ಚರಗಿ ಹಿಡಿದು ಮಾಳಿಗೆ ಹತ್ತುವವನನ್ನು ಕಂಡು ಎದುರು ಮನೆಯವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಕಪ್ಪಾದ ಕಾಯಿ ಸರಿಹೋಗಲಿಲ್ಲ, ಕಿತ್ತು ಹಾಕಿದೆ. ಹೊಸದಾಗಿ ಬಿಟ್ಟವು ಮಾತ್ರ ಕೆಳಗಿನವರೆಗೂ ಕೆಂಪು.

ಸಂಕ್ರಾಂತಿ ಹೊತ್ತಿಗೆ ಎರಡು ಕಿಲೊ ಸಿಕ್ಕಿತು. ಅವ್ವ ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಚಟ್ನಿ ಅರೆದು, ಬಿಸಿ ರೊಟ್ಟಿ ಮೇಲೆ ಬಡಿಸಿದಳು. ನಾನು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಪಕ್ಕದಲ್ಲೇ ನಿಂತಿದ್ದಳು.

"ತತ್ತಿ ರುಚಿ ಹತ್ತಿದವರಿಗೆ ಇದೆಲ್ಲ ಸಪ್ಪಗ ಅನಸ್ತದೇನೋ" ಅಂದಳು.