ಇಳಕಲ್ ಸೀರೆಗೆ ಪುಣೆಯಲ್ಲಿ ಸಿಕ್ಕ ಮರ್ಯಾದೆ

ಅಣ್ಣನ ಮಗಳ ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಅಕ್ಕಿಕಾಳು ಬಿದ್ದು ಇನ್ನೇನು ಊಟಕ್ಕೆ ಏಳಬೇಕು, ಬಳಗದ ಹಿರಿಯರೊಬ್ಬರು ನನ್ನ ಸೆರಗು ಹಿಡಿದು, "ಪುಣಾದಾಗ ಇರತಿ, ಮದುವಿಗೆ ಉಡಾಕ ಒಂದು ಚೊಲೋ ರೇಶ್ಮಿ ಸೀರಿ ಇರಲಿಲ್ಲೇನವ್ವಾ? ಇದು ಮುದುಕ್ಯಾರ ಸೀರಿ" ಅಂದರು. ನಾನು ಉಟ್ಟಿದ್ದು ಚಿಕ್ಕಿ ಪರಾಸ ಎಂಬ ದಡಿಯ (ಅಂಚಿನ) ಇಳಕಲ್ ಸೀರೆ. ಮನಸ್ಸಿಗೆ ಚುರುಕ್ ಅಂತು. ಸುತ್ತ ನೋಡಿದರೆ ಅವರ ಮಾತು ಖರೆಯೇ ಇತ್ತು. ಕಂಚಿ, ಬನಾರಸಿಗಳ ನಡುವೆ ಇಳಕಲ್ ಉಟ್ಟವರು ಯಾರೋ ಒಂದಿಬ್ಬರು ಆಯಿಗಳು ಮಾತ್ರ. ಇಳಕಲ್ ನಮ್ಮ ಬಾಗಲಕೋಟೆ ಜಿಲ್ಲೆಯ ಊರು, ಆದರೂ ಈ ಗತಿ.

ಇಂಥದ್ದೇ ಸೀರೆ ಪುಣೆಯಲ್ಲಿ ನನಗೊಬ್ಬ ಗೆಳತಿಯನ್ನು ಕೊಟ್ಟಿದೆ. ಲಕ್ಷ್ಮೀ ರಸ್ತೆಯ ಅಂಗಡಿಯೊಂದರಲ್ಲಿ ಫಾಲ್ ಕೊಳ್ಳುತ್ತಾ ನಿಂತಿದ್ದಾಗ ಹಿಂದಿನಿಂದ ಯಾರೋ ಮರಾಠಿಯಲ್ಲಿ, "ಕಾಕೂ, ಪದರ (ಸೆರಗು) ಒಮ್ಮೆ ನೋಡಲಾ?" ಎಂದು ಕೇಳಿದರು. ತಿರುಗಿದರೆ ನನ್ನ ಮಗಳಿಗಿಂತ ಸಣ್ಣ ಹುಡುಗಿ. ಒಂದು ಬದಿ ಬೋಳಿಸಿದ ಕೂದಲು, ಮೊಣಕೈವರೆಗೆ ಹಚ್ಚೆ, ಮೂಗಿನಲ್ಲಿ ದೊಡ್ಡ ನತ್ತು. ಮರಾಠಿ ಧಾರಾವಾಹಿ, ಜಾಹೀರಾತುಗಳಿಗೆ ಸ್ಟೈಲಿಸ್ಟ್ ಅಂತೆ. ಎಷ್ಟಕ್ಕೆ ತಗೊಂಡ್ರಿ ಎಂದು ಅವಳು ಕೇಳಲಿಲ್ಲ. ಸೆರಗನ್ನು ಮಗ್ಗುಲು ಬದಲಿಸಿ, ಒಡಲೂ ಸೆರಗೂ ಕೂಡುವ ಜಾಗದ ಮೇಲೆ ಬೆರಳಾಡಿಸಿ, "ಟೋಪ್ ಪದರ! ಕೈಮಗ್ಗದ್ದು!" ಎಂದು ಅಲ್ಲೇ ಕುಣಿದಾಡಿದಳು.

ಆ ಜಾಗದಲ್ಲೇ ಇಳಕಲ್ಲಿನ ಜೀವ ಇರುವುದು. ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆ, ಹತ್ತಿಯದು, ಸೆರಗಿನ ಹಾಸು ರೇಶ್ಮೆಯದು. ಎರಡನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಸಾಲಾಗಿ ನಾಲ್ಕು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಹಣಿಗೆ, ಕೋಟೆ ಕಮ್ಮಲಿ, ತೋಪು ತೆನೆ, ರಂಪ ಎಂಬ ಚಿತ್ತಾರಗಳು. ಬೆರಳು ಎಲ್ಲಿಡಬೇಕೆಂದು ಈ ಪುಣೆಯ ಹುಡುಗಿಗೆ ಗೊತ್ತಿತ್ತು.

ಅಲ್ಲಿಂದ ನಮ್ಮ ಸ್ನೇಹ. ಜೀವನವಿಡೀ ಬ್ಯಾಂಕಿನ ಲೆಡ್ಜರ್ ನೋಡಿದವಳು ನಾನು. ಸೇಫ್ಟಿ ಪಿನ್ನು, ಸ್ಟೀಮ್ ಇಸ್ತ್ರಿ, ಡಬಲ್ ಟೇಪ್ ತುಂಬಿದ ಚೀಲ ಹೊತ್ತು ಸೆಟ್‌ನಿಂದ ಸೆಟ್‌ಗೆ ಓಡುವವಳು ಅವಳು. ಭಾನುವಾರ ಇಬ್ಬರೂ ತುಳಶೀಬಾಗ್ ಪೇಟೆ ಸುತ್ತುತ್ತೇವೆ. ನಾನು ಅವಳಿಗೆ ಕಸೂತಿ ಕಲಿಸಿದೆ. ಗವಂತಿ ಹೊಲಿಗೆಗೆ ಗಂಟು ಹಾಕುವ ಹಾಗಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು, ಮುಂದೂ ಹಿಂದೂ ಒಂದೇ ತರಹ ಕಾಣಬೇಕು. ಒಂದು ತುಳಸಿ ಕಟ್ಟೆಯ ಚಿತ್ತಾರಕ್ಕಾಗಿ ಮಧ್ಯಾಹ್ನವೆಲ್ಲ ಕಿಟಕಿ ಪಕ್ಕ ಕೂತು, ಮೂರು ಸಲ ಬಿಚ್ಚಿ ನಾಲ್ಕನೇ ಸಲಕ್ಕೆ ಗೆದ್ದಳು. ನಮ್ಮವ್ವನ ಕರಿ ಚಂದ್ರಕಾಳಿ ಸೀರೆ ತೋರಿಸಿದಾಗ ಕೈ ತೊಳೆದುಕೊಂಡು ಬಂದು ಮುಟ್ಟಿದಳು.

ನಮ್ಮ ಕಡೆ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಗತಿಯನ್ನೇ ನೋಡಿ. ಒಬ್ಬರ ಉಡಿಯಲ್ಲಿ ಬಿದ್ದ ಖಣ ಟ್ರಂಕಿಗೆ ಹೋಗುತ್ತದೆ, ಟ್ರಂಕಿನಿಂದ ಇನ್ನೊಬ್ಬರ ಉಡಿಗೆ. ಮಡಿಕೆ ಬಿಚ್ಚದೆ ಬಳಗವೆಲ್ಲ ತಿರುಗಿ ನಮ್ಮ ಮನೆಗೇ ಬಂದ ಖಣವನ್ನು ನಾನೇ ಗುರುತು ಹಿಡಿದಿದ್ದೇನೆ. ಹೊಲಿಸಿ ತೊಡುವವರಿಲ್ಲ. ಇಲ್ಲಿ ಪುಣೆಯಲ್ಲಿ ಯುಗಾದಿ ಪಾಡ್ಯಕ್ಕೆ ಮನೆ ಮುಂದೆ ಏರಿಸುವ ಗುಡಿಯ ಕೋಲಿಗೆ ಖಣ, ಗಣಪತಿಗೆ ಕೂಸುಗಳಿಗೆ ಖಣದ ಫ್ರಾಕು, ಢೋಲು ಬಾರಿಸುವ ಕಾಲೇಜು ಹುಡುಗಿಗೆ ಖಣದ ಕುಪ್ಪಸ. ಆಫೀಸಿಗೆ ಹೋಗುವವಳ ಕಿವಿಯಲ್ಲೂ ಖಣದ ಓಲೆ. 1956ರವರೆಗೆ ನಮ್ಮ ವಿಜಾಪುರ, ಧಾರವಾಡಗಳು ಮುಂಬೈ ಜೊತೆಗೇ ಇದ್ದವು. ಬಟ್ಟೆಯ ನಂಟು ಹಳೆಯದೇ. ಆದರೆ ಅದನ್ನು ಉಳಿಸಿಕೊಂಡವರು ಇವರು, ನಾವಲ್ಲ. ನಮ್ಮಲ್ಲಿ ಮದುವೆ ಸೀರೆ ಎಂದರೆ ತೂಕ, ಜರಿ, ಬೆಲೆ. ಎಷ್ಟು ಸಾವಿರದ್ದು ಎಂಬುದು ಎಲ್ಲರಿಗೂ ಬೇಕು, ಯಾವ ಊರಿನ ಮಗ್ಗದ್ದು ಎಂಬುದು ಬೇಡ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಲಕ್ಷ್ಮೀ ರಸ್ತೆಯಲ್ಲಿ ತೂಗುಹಾಕಿದ ಖಣದ ಪರ್ಸುಗಳಲ್ಲಿ ಪವರ್‌ಲೂಮಿನ ಬಟ್ಟೆಯೂ ಬೇಕಾದಷ್ಟಿದೆ, ಕೊಳ್ಳುವವರು ಕೇಳುವುದೂ ಇಲ್ಲ. ನನ್ನ ಗೆಳತಿಯ ನಟಿಯರು ಸೀರೆ ಉಡುವುದು ಶೂಟಿಂಗ್ ಮುಗಿಯುವ ತನಕ, ಆಮೇಲೆ ಅದು ಅಂಗಡಿಗೆ ವಾಪಸ್. ನಮ್ಮೂರಿನ ಆಯಿಗಳು ಹಾಗಲ್ಲ. ಅದೇ ಸೀರೆಯನ್ನು ಉಟ್ಟು, ಒಗೆದು, ಹೊಲಕ್ಕೂ ಜಾತ್ರೆಗೂ ಹೋಗಿ, ಹರಿದರೆ ಕೌದಿ ಹೊಲಿದವರು. ಇಷ್ಟು ವರ್ಷ ಮಗ್ಗ ನಿಲ್ಲದಂತೆ ನೋಡಿಕೊಂಡಿದ್ದು ಅವರೇ, ಫೋಟೊಗಳಲ್ಲ. "ಮುದುಕ್ಯಾರ ಸೀರಿ" ಎಂಬ ಮಾತಿನಲ್ಲಿ ಆ ಆಯಿಗಳ ಪಾಲೂ ಇದೆ ಎಂದು ಒಪ್ಪುತ್ತೇನೆ, ಮನಸ್ಸಿಲ್ಲದಿದ್ದರೂ.

ಗೆಳತಿಯ ಕಸುಬಿನ ಮೇಲೂ ನನ್ನದೊಂದು ತಕರಾರಿದೆ. ಅವಳ ಫೋಟೊ ಕೆಳಗೆ ಮೇಕಪ್ ಯಾರದು, ಕೂದಲು ಯಾರದು, ಆಭರಣ ಯಾರದು ಎಂದೆಲ್ಲ ಬರೆದಿರುತ್ತದೆ, ನೇಯ್ದವರ ಸುದ್ದಿಯೇ ಇರುವುದಿಲ್ಲ. ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈಗ "ಇಳಕಲ್ ಕೈಮಗ್ಗ" ಎಂದು ತಪ್ಪದೆ ಹಾಕುತ್ತಾಳೆ, ನೇಕಾರರ ಹೆಸರು ಸಿಕ್ಕರೆ ಅದನ್ನೂ ಹಾಕುತ್ತಾಳಂತೆ. ಹೆಸರು ಅಂಗಡಿಯವರ ಹತ್ತಿರ ಸಿಗುವುದಿಲ್ಲ, ಮಗ್ಗದ ಮುಂದೆ ಹೋಗಿಯೇ ಕೇಳಬೇಕು. ದಸರಾ ಕಳೆದ ಮೇಲೆ ಸೊಲ್ಲಾಪುರ, ವಿಜಾಪುರದ ಮೇಲೆ ಇಬ್ಬರೂ ಇಳಕಲ್ಲಿಗೆ ಹೊರಟಿದ್ದೇವೆ.