ಗಾಡಿ ಎತ್ತರಿಸುವ ಖರ್ಚು ಸಾರ್ಥಕವೇ?

ಪರ: 2 ಇಂಚಿನವರೆಗೆ, ಹೌದು

ಕಚ್ಚಾ ದಾರಿಯ ಓಡಾಟಕ್ಕೆಂದು ಗಾಡಿಯ ಸ್ಪ್ರಿಂಗ್, ಶಾಕ್ ಬದಲಿಸಿ ಅದನ್ನು ನೆಲದಿಂದ ಎತ್ತರಿಸುವುದರ ಪರವಾಗಿ ಬರೆಯಲು ನನಗೆ ಹೇಳಿದ್ದಾರೆ. ಒಪ್ಪಿಕೊಂಡಿದ್ದೇನೆ, ಆದರೆ ಒಂದು ಕರಾರಿನ ಮೇಲೆ: ನನ್ನ ವಾದ 50 ಮಿಲಿಮೀಟರಿಗೆ, ಅಂದರೆ ಸುಮಾರು 2 ಇಂಚಿಗೆ ನಿಲ್ಲುತ್ತದೆ. 6 ಇಂಚು ಏರಿಸಿ, ಹತ್ತಲು ಮೊಣಕಾಲನ್ನು ಎದೆಯವರೆಗೆ ತರಬೇಕಾದ ಗಾಡಿಗಳ ವಕಾಲತ್ತನ್ನು ಬೇರೆ ಯಾರಾದರೂ ವಹಿಸಿಕೊಳ್ಳಲಿ.

ಸುಜುಕಿ ಜಿಮ್ನಿಯನ್ನು ನೋಡಿ. ಮೂರು ಬಾಗಿಲಿನದಕ್ಕೂ ಐದು ಬಾಗಿಲಿನದಕ್ಕೂ ಗ್ರೌಂಡ್ ಕ್ಲಿಯರೆನ್ಸ್ ಒಂದೇ, 210 ಮಿ.ಮೀ. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಚಿಕ್ಕದರಲ್ಲಿ 2,250 ಮಿ.ಮೀ., ಉದ್ದದ್ದರಲ್ಲಿ 2,590. ಅಷ್ಟು ವ್ಯತ್ಯಾಸಕ್ಕೇ, ಹೊಟ್ಟೆ ತಾಗದೆ ದಿಬ್ಬ ದಾಟುವ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿಯುತ್ತದೆ. ಉದ್ದದ ಗಾಡಿಯನ್ನು 50 ಮಿ.ಮೀ. ಎತ್ತರಿಸಿದರೆ ಈ ಕೋನ ಸುಮಾರು 4 ಡಿಗ್ರಿ ಹೆಚ್ಚುತ್ತದೆ. ಎರಡು ಬಾಗಿಲು ಹೆಚ್ಚಿಗೆ ಪಡೆಯಲು ಬಿಟ್ಟುಕೊಟ್ಟದ್ದು ಹೆಚ್ಚುಕಡಿಮೆ ಪೂರ್ತಿ ಮರಳಿ ಬರುತ್ತದೆ. ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ಊರಿ ಕುಳಿತ ಗಾಡಿಗೆ ಎಷ್ಟು ಒಳ್ಳೆಯ ಟೈರ್ ಇದ್ದರೇನು, ಚಕ್ರಕ್ಕೆ ನೆಲವೇ ಸಿಗದಿದ್ದರೆ?

ಇನ್ನು ಹಣದ ಮಾತು. ಲಿಫ್ಟ್ ಕಿಟ್ಟಿನ, ಅಂದರೆ ಗಾಡಿ ಎತ್ತರಿಸುವ ಸಾಮಾನಿನ ಸೆಟ್ಟಿನ, ಪೂರ್ತಿ ಬೆಲೆಯನ್ನು ಎತ್ತರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಶಾಕ್ ಅಬ್ಸಾರ್ಬರ್ ಸವೆಯುವ ಸಾಮಾನು. ಕಚ್ಚಾ ದಾರಿಯಲ್ಲಿ ದುಡಿದ ಗಾಡಿಯಲ್ಲಿ ಒಂದಲ್ಲ ಒಂದು ದಿನ ಅದು ಎಣ್ಣೆ ಸೋರಿಸುತ್ತದೆ, ಕೀಲುಗಳಲ್ಲಿನ ರಬ್ಬರ್ ಬುಷ್‌ಗಳು ಒಡೆಯುತ್ತವೆ. ಮುಂದೆ ಉಕ್ಕಿನ ಬಂಪರ್, ಅದರಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲು ಒಂದು ವಿಂಚ್, ಹಿಂದೆ ನೀರು, ಹೆಚ್ಚುವರಿ ಇಂಧನ, ಡೇರೆ. ಇಷ್ಟು ಹೊತ್ತ ಮೇಲೆ ಕಂಪನಿಯ ಸ್ಪ್ರಿಂಗ್ ಕುಸಿಯದೆ ಇರುತ್ತದೆಯೇ? ಗಟ್ಟಿ ಸ್ಪ್ರಿಂಗ್, ಹೊಸ ಶಾಕ್ ಹೇಗೂ ಹಾಕಿಸಲೇಬೇಕು. ಹಾಕಿಸುವಾಗ 50 ಮಿ.ಮೀ. ಎತ್ತರದ ಸೆಟ್ಟನ್ನೇ ಆರಿಸಿಕೊಂಡರೆ ಹೆಚ್ಚಿಗೆ ಬೀಳುವುದು ಎರಡು ಸೆಟ್‌ಗಳ ಬೆಲೆಯ ವ್ಯತ್ಯಾಸ ಮಾತ್ರ. ಬಿಚ್ಚಿ ಜೋಡಿಸುವ ಕೂಲಿ ಎರಡಕ್ಕೂ ಒಂದೇ.

ತಳ ಬಡಿಸಿಕೊಳ್ಳುವುದೂ ಪುಕ್ಕಟೆಯಲ್ಲ. ಸೈಲೆನ್ಸರ್ ಚಪ್ಪಟೆಯಾದರೆ ಬದಲಿಸಬಹುದು. ಬಾಗಿಲಿನ ಕೆಳಗಿನ ತಗಡು ಒಳಗೆ ಮಡಚಿಕೊಂಡು ಬಾಗಿಲು ಮುಚ್ಚದೆ ಹೋದರೆ ತಗಡಿನ ಕೆಲಸದ ಬಿಲ್ಲು ಯಾವ ಕಿಟ್ಟಿಗೂ ಕಡಿಮೆ ಇರುವುದಿಲ್ಲ.

ಗಾಡಿ ಏರಿದರೆ ಗುರುತ್ವ ಕೇಂದ್ರವೂ ಏರುತ್ತದೆ, ತಿರುವಿನಲ್ಲಿ ವಾಲುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಅದೇ ಜನ ಗಾಡಿಯ ಮಾಡಿನ ಮೇಲೆ ಮಡಚುವ ಡೇರೆ, ಸ್ಟೆಪ್ನಿ, ಇಂಧನದ ಡಬ್ಬಗಳನ್ನು ಕಟ್ಟಿಕೊಂಡು ಹೊರಟವರಿಗೆ ಪಾಠ ಹೇಳಿದ್ದನ್ನು ನಾನು ಕೇಳಿಲ್ಲ. ಎತ್ತರಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ಕೆಳಗೆ ಬೀಳುವಂತೆ ಹೊಂದಿಸಿ, ತಿರುವಿನಲ್ಲಿ ನಿಧಾನಿಸಿ. ಇದಕ್ಕಿಂತ ಹೆಚ್ಚಿನ ಎತ್ತರ ಕೇಳುವವರು ಎದುರು ಪಕ್ಷದವರ ಮಾತನ್ನೂ ಓದಿಕೊಳ್ಳಲಿ.

ವಿರೋಧ: ಕಿಟ್ಟಿನ ಬೆಲೆ ಬರೀ ಪೀಠಿಕೆ

ಸಸ್ಪೆನ್ಷನ್ ಎತ್ತರಿಸಿದರೆ ಡಿಫರೆನ್ಷಿಯಲ್, ಅಂದರೆ ಆಕ್ಸಲ್ಲಿನಲ್ಲಿ ಕುಳಿತು ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಗುಂಡು, ಒಂದು ಮಿಲಿಮೀಟರ್ ಕೂಡ ಮೇಲೇರುವುದಿಲ್ಲ. ಕೇಳಿದವರಿಗೂ ಕೇಳದವರಿಗೂ ಇದನ್ನು ಹೇಳುತ್ತಲೇ ಬಂದಿದ್ದೇನೆ. ಇಡಿಯ ಆಕ್ಸಲ್ (ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ದಂಡ) ಇರುವ ಗಾಡಿಯಲ್ಲಿ ಸ್ಪ್ರಿಂಗ್ ಕುಳಿತಿರುವುದು ಆಕ್ಸಲ್ಲಿನ ಮೇಲೆ. ಸ್ಪ್ರಿಂಗ್ ಉದ್ದವಾದರೆ ಚಾಸಿ, ಅಂದರೆ ಗಾಡಿಯ ಚೌಕಟ್ಟು, ಏರುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ದಾರಿಯ ನಡುವಿನ ಬಂಡೆಗೆ ಮೊದಲು ತಾಗುವ ಆ ಕಬ್ಬಿಣದ ಗುಂಡನ್ನು ಎತ್ತಬಲ್ಲದ್ದು ದೊಡ್ಡ ಟೈರ್ ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. ಎತ್ತರದ ಪರ ಇರುವವರು ಕೋನಗಳ ಲೆಕ್ಕ ಒಪ್ಪಿಸುತ್ತಾರೆ. ಕೋನಮಾಪಕ ಹಿಡಿದು ದಿಬ್ಬ ಹತ್ತುವವರಿಗೆ ಶುಭವಾಗಲಿ. ಡಿಫರೆನ್ಷಿಯಲ್ ಮಾತ್ರ ಮೇಲೇರುವುದಿಲ್ಲ.

ಖರ್ಚಿನ ಮಾತಿಗೆ ನನ್ನ ಹೆಂಡತಿಯ ತಮ್ಮನ ಗಾಡಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಮುಂದೆಯೂ ಹಿಂದೆಯೂ ಇಡಿಯ ಆಕ್ಸಲ್, ಕಾಯಿಲ್ ಸ್ಪ್ರಿಂಗ್. "ಭಾವ, ಬರೀ ಸ್ಪೇಸರ್, ಒಂದು ಮಧ್ಯಾಹ್ನದ ಕೆಲಸ" ಎಂದಿದ್ದ. ಸ್ಪೇಸರ್ ಎಂದರೆ ಸ್ಪ್ರಿಂಗಿನ ತುದಿಗೆ ಕೊಡುವ ದಪ್ಪ ಬಿಲ್ಲೆ. ಮಧ್ಯಾಹ್ನದಲ್ಲೇ ಮುಗಿಯಿತು, ಸುಳ್ಳಲ್ಲ. ಸಂಜೆ ನೇರ ರಸ್ತೆಯಲ್ಲಿ ಹೋಗುವಾಗ ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಂತಿತ್ತು. ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್ಲಿಗೆ. ರಾಡಿನ ಉದ್ದ ಬದಲಾಗದೆ ಚಾಸಿ ಮಾತ್ರ ಏರಿದರೆ ಆಕ್ಸಲ್ ಒಂದು ಬದಿಗೆ ಸರಿಯಲೇಬೇಕು. ಉದ್ದ ಹೊಂದಿಸಬಹುದಾದ ರಾಡ್ ಬಂತು. ಆಮೇಲೆ ಕ್ಯಾಸ್ಟರ್, ಅಂದರೆ ಸ್ಟಿಯರಿಂಗಿಗೆ ಚಕ್ರ ಹೊರಳುವ ಅಕ್ಷದ ಹಿಂದುಮುಂದಿನ ಓರೆ: ಆಕ್ಸಲ್ ಮುಂದಕ್ಕೆ ತಿರುಚಿಕೊಂಡು, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರವಾಗುವ ಗುಣ ಕುಂದಿತ್ತು. ಅದಕ್ಕೆ ರಂಧ್ರ ಓರೆಯಾಗಿರುವ ಬುಷ್‌ಗಳು. ಆಮೇಲೆ ಆಕ್ಸಲ್ಲಿಗೆ ಎಂಜಿನ್ನಿನ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ, ವೇಗದಲ್ಲಿ ಇಡೀ ಗಾಡಿಗೆ ನಡುಕ. ಆಮೇಲೆ, ಚಕ್ರ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯುತ್ತದೆಂದು ಉದ್ದದ ಹೋಸ್. ಕೌಪೀನ ಉಳಿಸಲು ಬೆಕ್ಕು, ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ ಸನ್ಯಾಸಿಯ ಕಥೆಯಲ್ಲಿ ನಾವಿನ್ನೂ ಹಸುವಿನವರೆಗೆ ಬಂದಿರಲಿಲ್ಲ.

ಹಸು ಎಂದರೆ ಟೈರ್. ಚಕ್ರದ ಗೂಡು ಖಾಲಿ ಖಾಲಿ ಕಾಣುತ್ತದೆಂದು 29 ಇಂಚಿನದನ್ನು ತೆಗೆದು 31ರದ್ದು ಹಾಕಿಸಿದ. (ಡಿಫರೆನ್ಷಿಯಲ್ ಮೊದಲ ಸಲ ಏರಿದ್ದು ಆಗ, ಒಂದೇ ಇಂಚು.) ಈಗ ಮೀಟರ್ 100 ತೋರಿಸುವಾಗ ಗಾಡಿ ನಿಜಕ್ಕೂ 107ರ ಸುಮಾರಿನಲ್ಲಿ ಓಡುತ್ತದೆ. ಡಿಫರೆನ್ಷಿಯಲ್ಲಿನ 4.10ರ ಗೇರ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ 4.10 ಸುತ್ತು) 3.84ರಂತೆ ವರ್ತಿಸುತ್ತದೆ; ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕ್ ಹೆಣಗುತ್ತದೆ, ಇಂಧನದ ಖರ್ಚನ್ನಂತೂ ಕೇಳಬೇಡಿ. ಅನುಪಾತ ಸರಿಪಡಿಸೋಣವೆಂದರೆ ಒಂದೇ ಡಿಫರೆನ್ಷಿಯಲ್ ಬಿಚ್ಚಿ ಸುಮ್ಮನಾಗುವಂತಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಮುಂದೆ ಹಿಂದೆ ಎರಡರಲ್ಲೂ ಒಂದೇ ಅನುಪಾತ ಇರಬೇಕು. ಗೇರೂ ಎರಡು ಜೊತೆ, ಕೂಲಿಯೂ ಎರಡು ಪಟ್ಟು.

ಅಷ್ಟರಲ್ಲಿ ನಮ್ಮ ಅತ್ತೆ ಆ ಗಾಡಿಗೆ ಹತ್ತುವುದನ್ನೇ ಬಿಟ್ಟಿದ್ದರು. ತಾಯಿಗಾಗಿ ಎರಡೂ ಬದಿಗೆ ಮೆಟ್ಟಿಲು ಹಾಕಿಸಿದ. ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ? ಗಾಡಿ ಎಷ್ಟು ಏರಿತ್ತೋ ಅಷ್ಟಕ್ಕೇ. ಮುಂದಿನ ಸವಾರಿಯಲ್ಲಿ ಬಂಡೆ ಹಿಡಿದದ್ದು ಅದೇ ಮೆಟ್ಟಿಲನ್ನು. ಅದನ್ನು ಕಳಚಿಟ್ಟ ಮೇಲೆ ಅತ್ತೆ ನನ್ನ ಕಾರಿನಲ್ಲೇ ಓಡಾಡುತ್ತಾರೆ. ಇಷ್ಟಾದರೂ ಎತ್ತರಿಸಲು ಎಷ್ಟಾಯಿತೆಂದು ಯಾರಾದರೂ ಕೇಳಿದರೆ ಅವನು ಹೇಳುವುದು ಆ ಮೊದಲ ಸ್ಪೇಸರಿನ ಬೆಲೆಯನ್ನೇ.

ಮುಂದಿನ ಚಕ್ರಗಳು ಒಂದಕ್ಕೊಂದು ಅಂಟಿಕೊಳ್ಳದೆ ಸ್ವತಂತ್ರವಾಗಿ ಏರಿಳಿಯುವ ಗಾಡಿಗಳ ಕಥೆ ಬೇರೆ, ಸುಖವೇನೂ ಇಲ್ಲ. ಮೂಲ ಶಾಕ್ ಇಟ್ಟುಕೊಂಡೇ ಸ್ಪೇಸರ್ ಸೇರಿಸಿದರೆ ಚಕ್ರದ ಒಟ್ಟು ಓಡಾಟ ಹೆಚ್ಚುವುದಿಲ್ಲ. ಕೆಳಗಿಳಿಯುವ ಪಾಲು ಕಡಿಮೆಯಾಗುತ್ತದೆ. ಹಳ್ಳ ಸಿಕ್ಕಾಗ ಚಕ್ರ ಮೊದಲಿಗಿಂತ ಬೇಗ ನೆಲ ಬಿಡುತ್ತದೆ, ಬಿಟ್ಟ ಚಕ್ರವೇ ಗಿರಗಿರನೆ ತಿರುಗಿ ನಿಮ್ಮನ್ನು ಅಲ್ಲೇ ನಿಲ್ಲಿಸುತ್ತದೆ. ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲು) ಹೆಚ್ಚು ಕೋನದಲ್ಲಿ ದುಡಿದು ಬೇಗ ಸವೆಯುವುದು ಇದರ ಮೇಲಿನ ದಕ್ಷಿಣೆ. ವಾರಂಟಿ, ವಿಮೆಯವರ ಒಪ್ಪಿಗೆ, ಎತ್ತರದ ಮಿತಿ ಇರುವ ಪಾರ್ಕಿಂಗ್ ಇವೆಲ್ಲ ಬೇರೆ ತಲೆನೋವು.

ಹಣ ಖರ್ಚು ಮಾಡಲೇಬೇಕೆಂಬ ಹಟವಿದ್ದರೆ ಬೇಡ ಎನ್ನುವುದಿಲ್ಲ. ಮೊದಲು ಟೈರಿನ ಗಾಳಿ ಇಳಿಸಿ ನೋಡಿ. ಅದಕ್ಕೆ ಬೆಲೆಯೇ ಇಲ್ಲ, ಮರಳಿನಲ್ಲೂ ಕಲ್ಲಿನಲ್ಲೂ ಅಷ್ಟು ಹಿಡಿತ ಕೊಡುವ ಕಿಟ್ಟೂ ಇಲ್ಲ. ಮರಳಿ ಗಾಳಿ ತುಂಬಲು ಒಂದು ಸಣ್ಣ ಕಂಪ್ರೆಸರ್, ತಳಕ್ಕೆ ಉಕ್ಕಿನ ಕವಚ, ಸಾಧ್ಯವಾದರೆ ಹಿಂದಿನ ಆಕ್ಸಲ್ಲಿಗೆ, ಎಡಬಲ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಲಾಕರ್. ಲಾಕರ್ ಅಗ್ಗವಲ್ಲ, ಗೊತ್ತು. ಆದರೆ ಅದನ್ನು ಕೂರಿಸಿದ ಮರುದಿನ ಅದು ಪ್ಯಾನ್‌ಹಾರ್ಡ್ ರಾಡ್ ಕೇಳುವುದಿಲ್ಲ.