ರೆಸಿಡೆಂಟ್ ವೈದ್ಯರ ಡ್ಯೂಟಿಗೆ ಗಂಟೆಯ ಮಿತಿ ಬೇಕೆ?

ಪರ

ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂ.ಡಿ. ಮೊದಲ ವರ್ಷ ಓದುತ್ತಲೇ ರೆಸಿಡೆಂಟ್ ವೈದ್ಯೆಯಾಗಿ ದುಡಿಯುವ ನನ್ನ ಅಕ್ಕನ ಮಗಳಿಗೆ ಮಾಟುಂಗಾದ ಮನೆಯಿಂದ ನಾವು ಕಳಿಸುವ ಬುತ್ತಿ, ಎಮರ್ಜೆನ್ಸಿಯ ದಿನ ಮುಚ್ಚಳ ತೆಗೆಯದೆಯೇ ಮರಳುತ್ತದೆ. ಬೆಳಿಗ್ಗೆ ಎಂಟಕ್ಕೆ ವಾರ್ಡು ಹೊಕ್ಕವಳು ಮರುದಿನದ ರೌಂಡು ಮುಗಿಸಿ, ಡಿಸ್‌ಚಾರ್ಜ್ ಕಾಗದಗಳನ್ನು ಬರೆದು ಹೊರಬೀಳುವಾಗ ಸಂಜೆಯಾಗಿರುತ್ತದೆ. ಕಳೆದ ತಿಂಗಳು ಹಾಗೆ ಬಂದವಳು ಸಾರನ್ನ ಕಲಸಿದ ಕೈಯಲ್ಲೇ ಗೋಡೆಗೊರಗಿ ನಿದ್ದೆಹೋದಳು. ಅದೇ ಕೈ ಎರಡು ಗಂಟೆ ಮೊದಲು ಯಾರಿಗೋ ಇನ್ಸುಲಿನ್ ಡೋಸ್ ಬರೆದಿತ್ತು.

ನಿಯಮ ಇರಲಿಲ್ಲವೆಂದಲ್ಲ. ದಿನಕ್ಕೆ 12, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಗಂಟೆಯ ಲೆಕ್ಕ ಬಿಟ್ಟು 'ಸಮಂಜಸ' ಅವಧಿ ಎಂದಷ್ಟೇ ಬರೆಯಿತು. ಮರುವರ್ಷ ಅದೇ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಸಮಂಜಸವೆಂದರೆ ಎಷ್ಟು ಎಂದು ಮೊದಲ ವರ್ಷದವಳು ಕೇಳಬೇಕಾದದ್ದು ತನ್ನ ಪ್ರಬಂಧಕ್ಕೆ ಸಹಿ ಹಾಕುವವರನ್ನೇ ಅಲ್ಲವೇ? ಆದ್ದರಿಂದ ಅಂಕಿಯೇ ಬೇಕು, ಅದನ್ನು ಯೂನಿಟ್ಟಿನ ಹೊರಗಿನವರು ಪರಿಶೀಲಿಸಬೇಕು, ಮೀರಿದ ಕಾಲೇಜಿನ ಸೀಟುಗಳಿಗೆ ಕತ್ತರಿ ಬೀಳಬೇಕು. ಒತ್ತಡಕ್ಕೆ ಮದ್ದೆಂದು ಹೇಳುವ ಆಪ್ತಸಮಾಲೋಚನೆ, ಯೋಗ ಇರಲಿ. ಆದರೆ ಮೂವತ್ತು ಗಂಟೆ ಎಚ್ಚರವಿದ್ದವರನ್ನು ಯೋಗಕ್ಕೆ ಕೂರಿಸಿದರೆ ಶವಾಸನದಿಂದ ಅವರು ಏಳುವುದಿಲ್ಲ.

ವಿರೋಧ

ತೆರೆಯದ ಬುತ್ತಿಗಳನ್ನು ಮೂವತ್ತು ವರ್ಷ ಇದೇ ಊರಿನ ವಾರ್ಡುಗಳಲ್ಲಿ ಶಸ್ತ್ರವೈದ್ಯನಾಗಿದ್ದ ನಾನೂ ಕಂಡಿದ್ದೇನೆ. ಆದರೂ ಗಡಿಯಾರದ ಕಾನೂನಿಗೆ ನನ್ನ ಒಪ್ಪಿಗೆಯಿಲ್ಲ. ಸಂಜೆ ಹೊಟ್ಟೆನೋವೆಂದು ದಾಖಲಾದವನ ಹೊಟ್ಟೆಯನ್ನು ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ಮತ್ತೆ ನಸುಕಿನ ಐದಕ್ಕೆ ಒಂದೇ ಕೈ ಒತ್ತಿ ನೋಡಿದಾಗ, ಮೆತ್ತಗಿದ್ದದ್ದು ಹಲಗೆಯಂತೆ ಬಿಗಿಯುತ್ತಿರುವುದು ಬೇಗ ತಿಳಿಯುತ್ತದೆ. ನಡುವೆ ಪಾಳಿ ಬದಲಾದರೆ ಮುಂದಿನವನಿಗೆ ಸಿಗುವುದು 'ಅಬ್ಸರ್ವೇಷನ್‌ನಲ್ಲಿದ್ದಾನೆ' ಎಂಬ ಒಂದು ಸಾಲಿನ ಓವರ್, ಅಂದರೆ ಪಾಳಿ ಮುಗಿಸುವವನು ರೋಗಿಯ ಬಗ್ಗೆ ಒಪ್ಪಿಸಿ ಹೋಗುವ ಮಾಹಿತಿ.

ಅಮೆರಿಕ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ತಂದು, 2011ರಲ್ಲಿ ಮೊದಲ ವರ್ಷದವರ ಸತತ ಡ್ಯೂಟಿಯನ್ನು 16 ಗಂಟೆಗೆ ಇಳಿಸಿತು. ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದು, ಪಾಳಿಯ ಗಂಟೆಮಿತಿ ಸಡಿಲಿಸಿದಲ್ಲೂ ರೋಗಿಗಳ ಸಾವು, ತೊಡಕು ಹೆಚ್ಚಲಿಲ್ಲವೆಂದು 2016ರಲ್ಲಿ ತೋರಿಸಿತು. ಮರುವರ್ಷ ಆ 16 ಮತ್ತೆ 24 ಆಯಿತು. ಸಡಿಲ ಪಾಳಿಯವರು ಸ್ವಂತ ಬದುಕಿಗೆ ಏಟು ಬಿತ್ತೆಂದು ಹೆಚ್ಚು ದೂರಿದ್ದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಹುಡುಗರನ್ನು ಹಿಂಡುವುದು ಬರಿಯ ರೋಗಿಗಳಲ್ಲ. ರಕ್ತದ ಸ್ಯಾಂಪಲ್ಲನ್ನು ಲ್ಯಾಬಿಗೆ ಒಯ್ಯುವುದು, ವಾರ್ಡ್‌ಬಾಯ್ ಸಿಗದಾಗ ಟ್ರಾಲಿ ತಳ್ಳುವುದು, ಸಿ.ಟಿ. ಸ್ಕ್ಯಾನಿನ ತಾರೀಖಿಗೆ ಅಂಗಲಾಚುವುದು, ವಿಮೆಯ ಫಾರಂ ತುಂಬುವುದು ಯಾವ ಪಠ್ಯದಲ್ಲಿದೆ? ಮೊದಲು ಅದಕ್ಕೆ ಜನರನ್ನು ನೇಮಿಸಲಿ. ಓವರ್ ಕೊಡಲು ಡ್ಯೂಟಿಯೊಳಗೇ ಅರ್ಧ ಗಂಟೆ ತೆಗೆದಿಡಲಿ. ಅಮೆರಿಕ, ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳು ಓವರ್ ಕೊಡುವ ಕ್ರಮವನ್ನು ತಿದ್ದಿದಾಗ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟು ಇಳಿದವೆಂದು 2014ರಲ್ಲಿ ವರದಿಯಾಯಿತು.

ಕೈಗಳನ್ನು ಹೆಚ್ಚಿಸದೆ ಮಿತಿಯನ್ನಷ್ಟೇ ತಂದರೆ ರಾತ್ರಿ ಎಂಟಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅದೇ ಹುಡುಗಿಯನ್ನು ಮತ್ತೆ ವಾರ್ಡಿಗೆ ಕಳಿಸುತ್ತಾರೆ. ಆಮೇಲೆ ಅವಳು ನಿದ್ದೆಗೆಟ್ಟಿದ್ದಳೆಂಬುದಕ್ಕೆ ದಾಖಲೆಯೂ ಇರುವುದಿಲ್ಲ.